ತಗ್ಗಿನ ಮೇಲೆ ಕೂತವನು

ಹೊಳೆ ಬಾಗುವ ಜಾಗದಲ್ಲಿ ಒಂದು ಮಠ. ಮಠದಲ್ಲಿ ಇಬ್ಬರೇ ಇದ್ದರು.

ಹಿರಿಯರನ್ನು ಜನ ಅಜ್ಜಾರು ಅನ್ನುತ್ತಿದ್ದರು. ಶಿಷ್ಯನ ಹೆಸರು ಕಲ್ಲಿನಾಥ. ಅಜ್ಜಾರ ನಂತರ ಮಠಕ್ಕೆ ಅವನೇ ಎಂದು ಎಲ್ಲರೂ ತಿಳಿದಿದ್ದರಿಂದ ಅವನನ್ನು ಮರಿದೇವರು ಎಂದು ಕರೆಯುತ್ತಿದ್ದರು.

ಕರೆಯುವವರು ಹೆಚ್ಚಿರಲಿಲ್ಲ. ಊರು ಆಚೆ ದಂಡೆಗಿತ್ತು. ಹುಣ್ಣಿಮೆಗೆ ಬಂದ ಭಕ್ತರು ಪ್ರಸಾದ ಮುಗಿಸಿ, ಹೊತ್ತು ಇಳಿಯುವುದರೊಳಗೆ ದೋಣಿ ಹತ್ತುತ್ತಿದ್ದರು. ಆಮೇಲೆ ಉಳಿಯುವುದು ನೀರಿನ ಸಪ್ಪಳ ಮತ್ತು ಬೋರಲು ಹಾಕಿದ ಪಾತ್ರೆಗಳು.

ಕಲ್ಲಿನಾಥನಿಗೆ ಅದೇ ಬೇಕಾಗಿತ್ತು. ಅವನು ಮಠಕ್ಕೆ ಯಾಕೆ ಬಂದನೆಂದು ಅಜ್ಜಾರು ಕೇಳಿರಲಿಲ್ಲ. ಅವನೂ ಹೇಳಿರಲಿಲ್ಲ.

ಒಂದು ಮುಂಜಾನೆ ಅವನು ಅಪ್ಪಣೆ ಬೇಡಿದ. ಹೊಳೆಯ ಮೇಲ್ಗಡೆ ಗುಡ್ಡದಲ್ಲಿ ಒಂದು ಹಳೆಯ ಗವಿ ಇದೆ, ಅಲ್ಲಿ ಕೂತು ಮೌನ ಹಿಡಿಯುತ್ತೇನೆ ಅಂದ.

ಅಜ್ಜಾರು ಗವಿಯ ಮಾತನ್ನೇ ಎತ್ತಲಿಲ್ಲ.

"ಹಿಂದಿನ ಹೊಲದಾಗ ಪಾಯ ತಗೀಯಾಕ ಜನ ಬರ್ತಾರ," ಅಂದರು. "ನೀ ಹೋಗಿ ತಗ್ಗಿನ ಮ್ಯಾಲ ಕೂಡು."

ಆ ವರ್ಷ ಹೊಳೆ ಅಂಬಿಗರ ಗುಡಿಸಲುಗಳನ್ನು ಒಯ್ದಿತ್ತು. ಅಜ್ಜಾರು ಮಠದ ಹಿಂದಿನ ಎತ್ತರದ ಹೊಲವನ್ನು ಅವರಿಗೆ ಬಿಟ್ಟುಕೊಟ್ಟಿದ್ದರು. ಅಲ್ಲಿ ನಾಲ್ಕು ಮನೆ ಏಳಬೇಕಿತ್ತು.

ಹೊಲ ಅಪ್ಪಟ ಎರೆಭೂಮಿ. ಎರೆಯ ಮೇಲೆ ಗೋಡೆ ಎಬ್ಬಿಸಿದರೆ ಬೇಸಿಗೆಗೆ ಬಿರಿಯುತ್ತದೆ, ಮಳೆಗೆ ಕುಸಿಯುತ್ತದೆ. ಕಪ್ಪು ಮಣ್ಣು ಮುಗಿದು, ಕೆಳಗಿನ ಗಟ್ಟಿ ಗರಸು ಸಿಗುವ ತನಕ ಪಾಯ ಇಳಿಯಬೇಕು. ಆ ಹೊಲದಲ್ಲಿ ಗರಸು ಆಳುದ್ದಕ್ಕಿಂತ ಕೆಳಗಿತ್ತು.

ಅಗೆಯಲು ಹುಲಿಗೆಪ್ಪ ಬಂದ. ಜೊತೆಗೆ ಅವನ ಹೆಂಡತಿ ತಿಪ್ಪವ್ವ. ಬದುವಿನ ಮೇಲೆ ನಾಲ್ಕು ತಗಡು ನಿಲ್ಲಿಸಿ ಗುಡಿಸಲು ಮಾಡಿಕೊಂಡರು. ಅವನು ಅಗೆದು ಬುಟ್ಟಿ ತುಂಬುತ್ತಿದ್ದ, ಅವಳು ಹೊತ್ತು ಮೇಲೆ ಸುರಿಯುತ್ತಿದ್ದಳು.

ತಗ್ಗು ಸೊಂಟಮಟ್ಟ ಆದಾಗ ಅಜ್ಜಾರು ನೋಡಲು ಬಂದರು. ತೆಗೆದ ಮಣ್ಣೆಲ್ಲ ತಗ್ಗಿನ ಅಂಚಿಗೇ ಗುಡ್ಡೆಯಾಗಿ ಕೂತಿತ್ತು. ಅವರು ಸಲಿಕೆ ಎತ್ತಿಕೊಂಡು, ಆ ಗುಡ್ಡೆಯನ್ನು ದೂರಕ್ಕೆ ಎಳೆಯತೊಡಗಿದರು.

ಹುಲಿಗೆಪ್ಪ ನಾಚಿಕೊಂಡು ಮೇಲೆ ಹತ್ತಿ ಬಂದ. ಸಲಿಕೆ ಕಸಿದುಕೊಳ್ಳುತ್ತ, ಇಲ್ಲಿದ್ದರೆ ಏನು ತೊಂದರೆ ಅಜ್ಜಾರ ಎಂದು ಕೇಳಿದ.

"ನೀ ಒಳಗ ನಿಂತಾಗ ಈ ಗುಡ್ಡಿ ನಿನ್ನ ಹೆಗಲ ಮ್ಯಾಲ ಕುಂತಿರ್ತೈತಿ. ಭಾರ ನಿನಗ ಗೊತ್ತಾಗಂಗಿಲ್ಲ. ಗ್ವಾಡಿಗೆ ಗೊತ್ತಾಗತೈತಿ."

ಹುಲಿಗೆಪ್ಪ ನಕ್ಕ. ಮೀಸೆ ಬರುವ ಮೊದಲಿನಿಂದ ಅಗೆಯುತ್ತಿದ್ದೇನೆ, ಬಾವಿ ತೋಡಿದ್ದೇನೆ, ಮಣ್ಣಿಗೆ ನನ್ನ ಗುರುತಿದೆ ಅಂದ.

"ಮಣ್ಣಿಗೆ ಯಾರ ಗುರುತೂ ಇರಂಗಿಲ್ಲ, ಹುಲಿಗೆಪ್ಪಾ."

ಅಜ್ಜಾರು ಮೂರು ಮಾತು ಹೇಳಿ ಹೋದರು. ಗುಡ್ಡೆ ದೂರ ಇರಲಿ. ಆಚೆ ದಂಡೆಯ ಕಟ್ಟಿಗೆ ಅಡ್ಡೆಯವನಿಗೆ ಹಲಗೆ ಹೇಳಿದ್ದೇನೆ, ಸೋಮವಾರ ದೂರದ ಸೇತುವೆ ಸುತ್ತಿಕೊಂಡು ಟ್ರಾಕ್ಟರಿನಲ್ಲಿ ಬರುತ್ತವೆ; ಹಲಗೆ ಆನಿಸುವ ತನಕ ಸೊಂಟಕ್ಕಿಂತ ಕೆಳಗೆ ಇಳಿಯಬೇಡ. ಒಳಗೆ ಮನುಷ್ಯ ಇರುವ ತನಕ ಮೇಲೆ ಇನ್ನೊಬ್ಬ ಇರಬೇಕು.

ತಿಪ್ಪವ್ವ ಅಡಿಗೆಗೆ, ನೀರಿಗೆ ಹೋದಾಗ ಆ ಇನ್ನೊಬ್ಬ ಕಲ್ಲಿನಾಥ.

"ಅಲ್ಲಿ ಕುಂತು ನಾ ಏನ್ ಮಾಡ್ಲಿ ಅಜ್ಜಾರ?"

"ಅಂವ ಇರೂದನ್ನ ನೋಡು. ನೀ ಇರೂದು ಅವಗ ಗೊತ್ತಿರಲಿ."

ಕಲ್ಲಿನಾಥನಿಗೆ ಇದು ಹಿಡಿಸಲಿಲ್ಲ. ಗವಿ ಕೇಳಿದರೆ ಗುಂಡಿ ಸಿಕ್ಕಿತ್ತು. ರಾತ್ರಿಯೆಲ್ಲ ಯೋಚಿಸಿ ಒಂದು ದಾರಿ ಹುಡುಕಿಕೊಂಡ. ಕಾಯುವುದಕ್ಕೆ ಕಣ್ಣು ಸಾಕು, ನಾಲಿಗೆ ಬೇಕಾಗಿಲ್ಲ. ಮೌನ ಎಲ್ಲಿ ಹಿಡಿದರೂ ಮೌನವೇ.

ಮರುದಿನ ಅವನು ಇದ್ದಿಲಿನಿಂದ ಪಡಸಾಲೆಯ ನೆಲದ ಮೇಲೆ ಬರೆದ. ಇವತ್ತಿನಿಂದ ಮೌನ.

ಅಜ್ಜಾರು ಬಗ್ಗಿ ಓದಿದರು. "ನಿನ್ನ ಹತ್ರ ಇದನ್ನ ಯಾರು ಕೇಳಿದ್ರು?"

ಅವನು ಮೇಲಕ್ಕೆ ಬೆರಳು ತೋರಿಸಿದ.

ಅಜ್ಜಾರು ಕತ್ತೆತ್ತಿ ನೋಡಿದರು. ಜಂತಿಯ ಸಂದಿಯಲ್ಲಿ ಒಂದು ಗುಬ್ಬಿಗೂಡು ಇತ್ತು. ಅದನ್ನು ಸ್ವಲ್ಪ ಹೊತ್ತು ನೋಡಿ, ಹೆಗಲಿಗೆ ಪಂಜೆ ಹಾಕಿಕೊಂಡು ಸ್ನಾನಕ್ಕೆ ಹೋದರು.

ತಗ್ಗಿನ ಮೇಲೆ ಮೊದಲ ದಿನವೇ ಜಗಳವಾಯಿತು. ಒಂದೇ ಕಡೆಯ ಜಗಳ.

ಹುಲಿಗೆಪ್ಪ ಒಳಗಿನಿಂದ ಕರೆದ. "ಮರಿದೇವ್ರ, ಅದೀರೇನ್ರಿ?"

ಉತ್ತರ ಬರಲಿಲ್ಲ. ಮತ್ತೆ ಕರೆದ. ಗುದ್ದಲಿ ಬಿಟ್ಟು ನೆಟ್ಟಗೆ ನಿಂತು ನೋಡಿದರೆ ಕಲ್ಲಿನಾಥ ಅಲ್ಲೇ ಕೂತಿದ್ದ, ತುಟಿಯ ಮೇಲೆ ಬೆರಳಿಟ್ಟುಕೊಂಡು.

ಹುಲಿಗೆಪ್ಪನಿಗೆ ಸಿಟ್ಟು ಬಂತು. ಬಗ್ಗಿ ಅಗೆಯುವಾಗ ನನಗೆ ಕಾಣುವುದು ಒಂದು ಗೇಣು ಮಣ್ಣು, ಅದರಲ್ಲಿ ನೀವಿಲ್ಲ. ಒಬ್ಬನೇ ಇದ್ದರೆ ನನ್ನ ಉಸಿರೇ ನನಗೆ ಕೇಳುತ್ತದೆ, ಅದು ನನಗೆ ಆಗುವುದಿಲ್ಲ ಅಂದ. ಆಮೇಲೆ ತಾನೇ ತಣ್ಣಗಾಗಿ ಒಂದು ಉಪಾಯ ಹೇಳಿದ. ನಾನು ಕರೆದಾಗ ಒಂದು ಸಣ್ಣ ಹೆಂಟೆ ಒಳಗೆ ಒಗೆಯಿರಿ. ಹೆಂಟೆ ಬಿದ್ದರೆ ನೀವಿದ್ದೀರಿ ಎಂದು ತಿಳಿಯುತ್ತೇನೆ.

ಹಾಗೇ ನಡೆಯಿತು. "ಮರಿದೇವ್ರ, ಅದೀರೇನ್ರಿ?" ಅಂದಾಗ ಕಲ್ಲಿನಾಥ ಬೆರಳುಗಳ ನಡುವೆ ಮಣ್ಣಿನ ಹೆಂಟೆಯೊಂದನ್ನು ಹಿಡಿದು ಒಳಗೆ ಬಿಡುತ್ತಿದ್ದ. ಅದು ಬಿದ್ದ ಸಪ್ಪಳ ಕೇಳಿ ಹುಲಿಗೆಪ್ಪ, "ಟಪಾಲು ಬಂತು," ಅನ್ನುತ್ತಿದ್ದ.

ಟಪಾಲು ಬಂದ ಮೇಲೆ ಅವನ ಬಾಯಿಗೆ ತಡೆಯಿರುತ್ತಿರಲಿಲ್ಲ. ಅತ್ತೆಯ ಸುದ್ದಿ, ಹಂದಿ ಹೊಕ್ಕ ಮದುವೆಯ ಸುದ್ದಿ, ಯಾವುದೋ ಊರಲ್ಲಿ ತೋಡಿದ ಬಾವಿಗೆ ನೀರು ಬರದೆ ಆ ಊರಿನವರು ಇವನನ್ನೇ ಒಳಗೆ ಬಿಟ್ಟು ಹಗ್ಗ ಎಳೆದುಕೊಂಡ ಸುದ್ದಿ. ನಡುನಡುವೆ ಮೇಲೆ ಕೂತವನಿಗೂ ಒಂದು ಚುಚ್ಚು.

"ಗುಡ್ಯಾಗಿನ ದೇವ್ರೂ ಮಾತಾಡಂಗಿಲ್ಲ, ಮರಿದೇವ್ರೂ ಮಾತಾಡಂಗಿಲ್ಲ. ಆದ್ರ ಅವಗ ಕಾಯಿ ಒಡೀಬೇಕು. ನಿಮಗ ಚಾ ಆದ್ರ ಸಾಕು."

ಕಲ್ಲಿನಾಥ ಉತ್ತರಿಸುತ್ತಿರಲಿಲ್ಲ. ಆದರೆ ಸಂಜೆ ಮಠಕ್ಕೆ ಮರಳಿ, ಎರಡು ತಟ್ಟೆ ಹಾಕಿ, ಅಜ್ಜಾರೂ ಅವನೂ ಎದುರುಬದುರು ಕೂತು ಉಣ್ಣುವಾಗ, ಪಡಸಾಲೆ ಮೊದಲಿಗಿಂತ ದೊಡ್ಡದಾಗಿ ಕಾಣುತ್ತಿತ್ತು. ಯಾಕೆಂದು ಅವನು ನೋಡಲು ಹೋಗಲಿಲ್ಲ.

ವಾರದ ನಡುವೆ ಒಂದು ರಾತ್ರಿ ಜೋರು ಮಳೆ. ಮರುದಿನದಿಂದ ಸುಡುವ ಬಿಸಿಲು. ಎರೆ ಮೊದಲು ಉಬ್ಬಿ, ಆಮೇಲೆ ಒಣಗುತ್ತ ಬಂತು.

ಕೆಸರಿನಲ್ಲಿ ಬುಟ್ಟಿ ಹೊತ್ತು ದೂರ ನಡೆಯುವುದು ತಿಪ್ಪವ್ವನಿಗೆ ಕಷ್ಟವಾಯಿತು. ಗುಡ್ಡೆ ದಿನದಿನಕ್ಕೆ ಹತ್ತಿರ ಬಂತು. ಕೊನೆಗೆ ಮೊದಲಿನ ಹಾಗೆ ಅಂಚಿಗೇ ಕೂತಿತು.

ಹುಲಿಗೆಪ್ಪನೂ ಸೊಂಟ ದಾಟಿ ಎದೆಗೆ, ಎದೆ ದಾಟಿ ಹೆಗಲಿಗೆ ಇಳಿದ. ಇನ್ನೊಂದು ಮಳೆ ಬಂದರೆ ಮಾಡಿದ ಕೆಲಸವೆಲ್ಲ ನೀರು ಪಾಲು ಅನ್ನುತ್ತಿದ್ದ. ಗುದ್ದಲಿಯ ತುದಿಗೆ ಗರಸಿನ ಹರಳು ಸಿಗತೊಡಗಿದ್ದವು. ಸ್ವಲ್ಪ ಉಳಿದಾಗ ಕೈಬಿಡುವುದು ಅವನ ಜಾಯಮಾನವಲ್ಲ.

ಶನಿವಾರ ಕಲ್ಲಿನಾಥ ಎದ್ದು ನಿಂತು, ಗುಡ್ಡೆ ತೋರಿಸಿ, ತಗ್ಗು ತೋರಿಸಿ, ಬೇಡ ಎಂದು ಕೈ ಆಡಿಸಿದ.

"ಏನಂತೀರೋ ತಿಳೀವಲ್ತು," ಅಂದ ಹುಲಿಗೆಪ್ಪ. "ಟಪಾಲಿನ್ಯಾಗ ಬರದು ಒಗೀರಿ."

ತಿಪ್ಪವ್ವ ನಕ್ಕಳು. ಕಲ್ಲಿನಾಥ ಕೂತ. ಇಷ್ಟಕ್ಕೆ ಮೌನ ಮುರಿಯಬೇಕೆ ಎಂದು ತನ್ನನ್ನು ತಾನೇ ಕೇಳಿಕೊಂಡ. ಅಂದು ಸಂಜೆ ಅಜ್ಜಾರೇ ಹೊಲಕ್ಕೆ ಬಂದು ತಗ್ಗಿನ ಮುಂದೆ ನಿಂತು ನೋಡಿದರು. ಏನೂ ಅನ್ನದೆ ಹೋದರು. ಅಜ್ಜಾರೇ ಸುಮ್ಮನಿದ್ದ ಮೇಲೆ ತನ್ನದೇನು ಎಂದು ಕಲ್ಲಿನಾಥನ ಮನಸ್ಸು ಹಗುರಾಯಿತು.

ಭಾನುವಾರ ಮಧ್ಯಾಹ್ನ ತಿಪ್ಪವ್ವ ರೊಟ್ಟಿ ತರಲು ಗುಡಿಸಲಿಗೆ ಹೋದಳು. ಗಾಳಿ ನಿಂತಿತ್ತು. ಹೊಳೆಯಲ್ಲಿ ದೋಣಿಗಳು ದೂರ ಇದ್ದವು.

"ಮರಿದೇವ್ರ, ಅದೀರೇನ್ರಿ?"

ಕಲ್ಲಿನಾಥ ಹೆಂಟೆ ಒಗೆದ.

"ಟಪಾಲು ಬಂತು."

ಸ್ವಲ್ಪ ಹೊತ್ತಿಗೆ ಇನ್ನೊಂದು ಹೆಂಟೆ ಬಿತ್ತು. ಮತ್ತೊಂದು.

ಒಳಗೆ ಹುಲಿಗೆಪ್ಪ ನಕ್ಕ. "ಆತ್ರಿ, ಅದೀರಿ ಅಂತ ಗೊತ್ತಾತು. ಎಷ್ಟಂತ ಒಗೀತೀರಿ."

ಕಲ್ಲಿನಾಥ ತನ್ನ ಕೈ ನೋಡಿಕೊಂಡ. ಕೈ ಮಡಿಲಲ್ಲಿತ್ತು. ಅವನು ಒಗೆದಿರಲಿಲ್ಲ.

ಗುಡ್ಡೆಗೂ ತಗ್ಗಿಗೂ ನಡುವೆ ನೆಲದಲ್ಲಿ ಒಂದು ಗೆರೆ ಇತ್ತು. ದಾರದಷ್ಟು ಸಣ್ಣದು. ಅವನು ನೋಡುತ್ತಿದ್ದ ಹಾಗೇ ಅದು ಬೆರಳಷ್ಟಾಯಿತು.

ಅವನು ಬಾಯಿ ತೆರೆದ. ಎಷ್ಟೋ ದಿನದಿಂದ ಬಳಸದ ಗಂಟಲು. ಅದರ ಹಿಂದೆ ಎಷ್ಟೋ ದಿನದಿಂದ ಕಾಪಾಡಿಕೊಂಡ ವ್ರತ. ಒಂದು ಉಸಿರಿನ ಹೊತ್ತು ಎರಡೂ ಅಡ್ಡ ನಿಂತವು. ಅವನು ಎರಡು ಕೈ ಎತ್ತಿ ಚಪ್ಪಾಳೆ ತಟ್ಟಿದ.

"ಹಾಡಾಕ ಹೇಳ್ತೀರೇನು?" ಅಂದ ಹುಲಿಗೆಪ್ಪ.

ಗೋಡೆ ಕೆಳಗಿನಿಂದ ಜಾರಿತು. ಗುಡ್ಡೆ ಅದರ ಬೆನ್ನಿಗೆ ಹೋಯಿತು. ಸಪ್ಪಳ ದೊಡ್ಡದಿರಲಿಲ್ಲ. ಯಾರೋ ದಣಿದವರು ಕಾಳಿನ ಚೀಲ ಇಳಿಸಿದ ಹಾಗೆ, ಅಷ್ಟೇ.

ಆಮೇಲೆ ಕಲ್ಲಿನಾಥ ಕೂಗಿದ. ಅದು ಮಾತಾಗಿರಲಿಲ್ಲ. ಆದರೂ ಅಜ್ಜಾರಿಗೆ ಕೇಳಿಸಿತು.

ಅವರು ಬರುವಷ್ಟರಲ್ಲಿ ಅವನು ಒಳಗೆ ಹಾರಲು ಕಾಲೆತ್ತಿದ್ದ. ಧೂಳು ಇಳಿದಿತ್ತು. ಹುಲಿಗೆಪ್ಪನ ತಲೆ ಮತ್ತು ಒಂದು ಕೈ ಮಣ್ಣಿನ ಮೇಲಿದ್ದವು. ಕೊರಳಿನಿಂದ ಕೆಳಗೆ ಅವನು ಇರಲೇ ಇಲ್ಲ ಅನ್ನುವ ಹಾಗೆ ಮಣ್ಣು ಸಪಾಟಾಗಿತ್ತು.

ಅಜ್ಜಾರು ಹಿಂದಿನಿಂದ ಕಲ್ಲಿನಾಥನ ತೋಳು ಹಿಡಿದರು.

"ಇಳೀಬ್ಯಾಡ."

"ಅಂವ ಅಲ್ಲೇ ಅದಾನ್ರಿ. ಕೈಗೆ ಸಿಗತಾನ್ರಿ."

"ಆ ಕಡೆ ಗ್ವಾಡಿ ಇನ್ನೂ ನಿಂತೈತಿ. ನೀ ಇಳಿದ್ರ ಅದು ಇಬ್ಬರ ಮ್ಯಾಲೂ ಬರತೈತಿ."

ಆ ಹಿಡಿತ ಮುದುಕರದಾಗಿರಲಿಲ್ಲ. ಕಲ್ಲಿನಾಥನ ತೋಳಿನಲ್ಲಿ ಐದು ಬೆರಳಿನ ಕಲೆ ಎದ್ದಿತು.

ತಿಪ್ಪವ್ವ ರೊಟ್ಟಿಯ ಗಂಟು ಬಿಸಾಕಿ ಓಡಿ ಬಂದಳು. ಅಜ್ಜಾರು ಶಿಷ್ಯನನ್ನು ಬಿಟ್ಟು ಅವಳನ್ನು ಹಿಡಿದರು. ದೂರದ ಬೇವಿನ ಗಿಡದ ತನಕ ಎಳೆದುಕೊಂಡು ಹೋದರು. ಅವಳು ಪರಚಿದಳು. ಮಠಕ್ಕೂ ಅವರ ಗಡ್ಡಕ್ಕೂ ಬೆಂಕಿ ಬೀಳಲಿ ಅಂದಳು. ಅವರು ಬಿಡಲಿಲ್ಲ. ಅಲ್ಲಿಂದಲೇ ಹೊಳೆಯ ಕಡೆ ತಿರುಗಿ ಅಂಬಿಗರನ್ನು ಕೂಗಿದರು.

ಅಂಬಿಗರು ಬಂದಾಗ ಅಜ್ಜಾರು ಹೇಳಿದ್ದು ಒಂದೇ. "ಮಠದ ಬಾಗಿಲಾ ಕಿತ್ತುಕೊಂಡು ಬರ್ರಿ."

ಅವರು ಮುಖ ಮುಖ ನೋಡಿಕೊಂಡರು.

"ಎಲ್ಲಾ ಬಾಗಿಲಾ. ದೇವರ ಕೋಲೀದೂ."

ತಿಪ್ಪವ್ವನನ್ನು ಇಬ್ಬರು ಅಂಬಿಗರ ಕೈಗೆ ಒಪ್ಪಿಸಿ ಬಂದು, ಮೊದಲು ಬಂದ ಬಾಗಿಲನ್ನು ತಗ್ಗಿನ ಈಚೆ ತುದಿಯಲ್ಲಿ, ಅದು ಇನ್ನೂ ಮೊಣಕಾಲಮಟ್ಟ ಇದ್ದ ಕಡೆ, ನೆಲಕ್ಕೆ ಹಾಸಿಸಿದರು. ಕಲ್ಲಿನಾಥನಿಗೆ ಅದರ ಮೇಲೆ ಬೋರಲು ಮಲಗಲು ಹೇಳಿದರು. ಭಾರ ಹರಡಬೇಕು, ಅಲುಗಾಡಬಾರದು.

"ಅವನ ಜೋಡಿ ಮಾತಾಡು. ನಿದ್ದಿ ಹತ್ತಬಾರದು."

"ಏನ್ ಮಾತಾಡ್ಲಿ ಅಜ್ಜಾರ?"

ಅಜ್ಜಾರು ಆಗಲೇ ತಿಪ್ಪವ್ವನ ಕಡೆ ಓಡುತ್ತಿದ್ದರು.

ಕಲ್ಲಿನಾಥ ಬಾಗಿಲಿನ ಮೇಲೆ ಮುಂದೆ ತೆವಳಿದ. ಹುಲಿಗೆಪ್ಪನ ಮುಖ ಮಾರು ದೂರದಲ್ಲಿತ್ತು. ರೆಪ್ಪೆಯ ಮೇಲೆ ಕಪ್ಪು ಮಣ್ಣು. ಕಣ್ಣು ತೆರೆದಿದ್ದವು.

"ಹುಲಿಗೆಪ್ಪಾ," ಅಂದ ಕಲ್ಲಿನಾಥ. "ನಾ ಇಲ್ಲೇ ಅದೀನಿ."

ಹುಲಿಗೆಪ್ಪ ಅವನನ್ನು ಬಹಳ ಹೊತ್ತು ನೋಡಿದ.

"ಇದೇನ್ರಿ ನಿಮ್ಮ ದನಿ?"

"ಹೌದು."

"ಇಷ್ಟ ಸಣ್ಣದ? ನಾ ಮನಸಿನ್ಯಾಗ ಒಂದು ದೊಡ್ಡ ದನಿ ಮಾಡಿಟ್ಕೊಂಡಿದ್ದೆ, ಡೊಳ್ಳಿನಂಥಾದ್ದು." ಉಸಿರು ಎಳೆದುಕೊಂಡ. "ಇದಕ್ಕ ಮುಚ್ಚಿಟ್ಟಿದ್ರಿ ಏನು? ಅಂಗಡ್ಯಾಗ ಕೊಂಡಿದ್ರ ತಿರುಗಿ ಕೊಟ್ಟ ಬರ್ತಿದ್ದೆ."

ಕಲ್ಲಿನಾಥನಿಗೆ ನಗು ಬಂತು. ಅಳುತ್ತಿದ್ದವನ ಮೈಯೆಲ್ಲ ಅಲುಗುವ ಹಾಗೆ ನಗು ಬಂತು. ಹಿಂದಿದ್ದ ಅಂಬಿಗರು ಗಾಬರಿಯಿಂದ ಅವನ ಕಾಲು ಹಿಡಿದರು.

ಅವರು ಬಾಗಿಲುಗಳನ್ನು ಒಂದೊಂದಾಗಿ ಒಳಗೆ ಇಳಿಸಿ, ನಿಂತಿದ್ದ ಗೋಡೆಗೆ ಆನಿಸಿ, ದೋಣಿಯ ಗಳಗಳನ್ನು ಅಡ್ಡ ಕೊಟ್ಟು ಬಿಗಿಯುತ್ತಿದ್ದರು. ಅದು ಬೇಗ ಆಗುವ ಕೆಲಸವಾಗಿರಲಿಲ್ಲ. ಆಮೇಲೆ ಮಣ್ಣನ್ನು ಕೈಯಿಂದ, ಪರಾತದಿಂದ ಗೋರಬೇಕಿತ್ತು. ಗುದ್ದಲಿ ಹಾಕಿದರೆ ಕೆಳಗೆ ಮೈ ಇತ್ತು.

ತಿಪ್ಪವ್ವನನ್ನು ಹತ್ತಿರ ಬಿಡಬೇಡಿ ಎಂದು ಹುಲಿಗೆಪ್ಪ ಹೇಳಿದ. ಆಕೆ ಹಿಂದುಮುಂದು ನೋಡುವವಳಲ್ಲ, ಹಾರಿಬಿಡುತ್ತಾಳೆ ಅಂದ. ಆಮೇಲೆ ಅವನ ಮಾತು ತುಂಡು ತುಂಡಾಯಿತು.

"ಉಸಿರು ಬಿಡಾಕ ಅಂಜಿಕಿ ಬರತೈತ್ರಿ."

"ಯಾಕ?"

"ಬಿಟ್ಟ ಕೂಡ್ಲೆ ಆ ಜಾಗಾ ಮಣ್ಣು ತಗೋತೈತಿ. ಮತ್ತ ಕೊಡವಲ್ದು."

ನೀವು ಏನಾದರೂ ಹೇಳಿ, ಇಷ್ಟು ದಿನ ನಾನೇ ಹೇಳಿದ್ದೇನೆ ಎಂದು ಹುಲಿಗೆಪ್ಪ ಕಣ್ಣಲ್ಲೇ ಕೇಳಿದ.

ಕಲ್ಲಿನಾಥ ಹೇಳತೊಡಗಿದ. ಯಾರಿಗೂ ಹೇಳದೆ ಇದ್ದದ್ದನ್ನು ಹೇಳಿದ. ಸಣ್ಣವನಿದ್ದಾಗ ತಾಯಿ ಸತ್ತದ್ದು. ಸೋದರಮಾವನ ಮನೆಯಲ್ಲಿ ಅವನ ಎದುರಿಗೇ ಅವನ ಸುದ್ದಿ ಮಾತಾಡುತ್ತಿದ್ದದ್ದು, ಅವನನ್ನು ಏನೂ ಕೇಳದೆ ಇದ್ದದ್ದು. ಹಬ್ಬದ ದಿನ ಎಲ್ಲರೂ ಜಾತ್ರೆಗೆ ಹೋಗುವಾಗ ಇವನೊಬ್ಬ ಉಳಿದದ್ದು ಯಾರ ನೆನಪಿಗೂ ಬಾರದೆ ಹೊರಗಿನಿಂದ ಕೀಲಿ ಹಾಕಿಕೊಂಡು ಹೋದದ್ದು. ಅಂದು ಒಳಗೆ ಕೂತು, ಕೂಗಬಾರದು, ಕೂಗಿದರೂ ಯಾರೂ ಬರುವುದಿಲ್ಲ ಎಂದು ಅವನು ಗಟ್ಟಿಮಾಡಿಕೊಂಡದ್ದು.

"ಕೂಗಬೇಕಿತ್ತು," ಅಂದ ಹುಲಿಗೆಪ್ಪ.

ಬಿಸಿಲು ತಗ್ಗಿನ ಒಂದು ಗೋಡೆಯಿಂದ ಇನ್ನೊಂದು ಗೋಡೆಗೆ ಸರಿಯಿತು. ಪರಾತಗಳು ಕೈಯಿಂದ ಕೈಗೆ ಹೋಗುತ್ತಿದ್ದವು. ಬೇವಿನ ಗಿಡದ ಕಡೆಯಿಂದ ತಿಪ್ಪವ್ವ ಹೆಸರು ಹಿಡಿದು ಕೂಗುವುದು ಕೇಳುತ್ತಿತ್ತು.

"ಮರಿದೇವ್ರ, ಅದೀರೇನ್ರಿ?"

"ಅದೀನಿ."

ಸ್ವಲ್ಪ ಹೊತ್ತು ಬಿಟ್ಟು ಮತ್ತೆ. ಈ ಸಲ ಪಿಸುಮಾತು.

"ಅದೀರೇನ್ರಿ?"

"ಇಲ್ಲೇ ಅದೀನಿ."

ಆಮೇಲೆ ಅವನು ಕೇಳಲಿಲ್ಲ. ಕಲ್ಲಿನಾಥ ಹೇಳುತ್ತಲೇ ಇದ್ದ. ಅದೀನಿ, ಇಲ್ಲೇ ಅದೀನಿ. ಎದೆಯ ತನಕ ಮಣ್ಣು ತೆಗೆದ ಅಂಬಿಗನೊಬ್ಬ ಕೈ ನಿಲ್ಲಿಸಿ, ತೋಳಿನಿಂದ ಮುಖ ಒರೆಸಿಕೊಂಡು, ಸಾಕು ಬಿಡ್ರಿ ಅನ್ನುವ ತನಕ ಹೇಳುತ್ತಿದ್ದ.

ಹುಲಿಗೆಪ್ಪನ ಮಂದಿಯಲ್ಲಿ ಹೂಳುವುದು ಪದ್ಧತಿ. ತಿಪ್ಪವ್ವ ಬೇಡ ಅಂದಳು. ಮತ್ತೆ ಮಣ್ಣಿಗೆ ಕೊಡುವುದಿಲ್ಲ ಅಂದಳು. ಹೊಳೆಯ ದಂಡೆಯಲ್ಲಿ ಸುಟ್ಟರು.

ತಾಲೂಕಿನಿಂದ ಇಬ್ಬರು ಬಂದು, ತಗ್ಗು ನೋಡಿ, ಕೇಳಿದ್ದನ್ನು ಬರೆದುಕೊಂಡು ದೋಣಿಯಲ್ಲಿ ತಿರುಗಿ ಹೋದರು.

ಹೇಳಿದ ದಿನಕ್ಕೆ ಸರಿಯಾಗಿ ಟ್ರಾಕ್ಟರು ಹಲಗೆ ತಂದು ಇಳಿಸಿತು.

ಅಜ್ಜಾರು ತಾವೇ ಹೊಲಕ್ಕೆ ಹೋಗಿ ನಿಂತರು. ಅಂಬಿಗರೇ ಸಲಿಕೆ ಹಿಡಿದರು. ಗುಡ್ಡೆಯನ್ನೆಲ್ಲ ಬದುವಿನಾಚೆ ಹೊತ್ತರು. ನೆಟ್ಟಗಿದ್ದ ಗೋಡೆಗಳನ್ನು ಇಳಿಜಾರು ಮಾಡಿದರು. ಹಲಗೆ ಆನಿಸಿ, ಅಡ್ಡ ಗಳ ಬಿಗಿದು, ಏಣಿ ಇಳಿಬಿಟ್ಟ ಮೇಲೆ ಕೆಲಸ ನಡೆಯಿತು. ದಿನವೂ ಅಜ್ಜಾರು ಮೇಲೆ ಕೂತು ಒಳಗಿನವರೊಂದಿಗೆ ಮಾತಾಡುತ್ತಿದ್ದರು. ಅವರಿಗೆ ಹರಟೆ ಬರುತ್ತಿರಲಿಲ್ಲ. ಮೀನಿನ ಸುದ್ದಿ ಕೇಳುತ್ತಿದ್ದರು, ತಮಗೆ ಬೇಡದ ಮೀನಿನ ಸುದ್ದಿ.

ಮಠಕ್ಕೆ ಬಾಗಿಲು ತಿರುಗಿ ಹಚ್ಚೋಣವೇ ಎಂದು ಅಂಬಿಗರು ಕೇಳಿದರು. ಮನೆಗಳಿಗೆ ಇರಲಿ ಎಂದು ಅಜ್ಜಾರು ಹೇಳಿದರು. ರಾತ್ರಿ ಹೊಳೆಯ ಗಾಳಿ ನೇರ ಒಳಗೆ ಬರುತ್ತಿತ್ತು. ದೇವರ ಮುಂದಿನ ದೀಪ ನಿಲ್ಲುತ್ತಿರಲಿಲ್ಲ.

ಕಲ್ಲಿನಾಥ ಹೊಲದ ಕಡೆ ಹೋಗಲಿಲ್ಲ. ಯಾರೊಂದಿಗೂ ಮಾತಾಡಲಿಲ್ಲ. ಈ ಸಲ ಅವನು ನೆಲದ ಮೇಲೆ ಏನೂ ಬರೆದಿರಲಿಲ್ಲ. ತಟ್ಟೆ ತೊಳೆದಿಟ್ಟು ದಂಡೆಯ ಕಲ್ಲಿನ ಮೇಲೆ ಹೋಗಿ ಕೂರುತ್ತಿದ್ದ. ಆಚೆ ದಂಡೆಯಲ್ಲಿ ಯಾರಾದರೂ ಯಾರನ್ನಾದರೂ ಕರೆದರೆ ಬೆಚ್ಚಿ ಬೀಳುತ್ತಿದ್ದ.

ಒಂದು ಸಂಜೆ ಅಜ್ಜಾರು ಬಂದು ಪಕ್ಕದಲ್ಲಿ ಕೂತರು.

"ಅಜ್ಜಾರ, ಒಂದು ಅಪ್ಪಣಿ ಬೇಕ್ರಿ."

"ಕೇಳು."

"ಸಾಯೂತನಕ ಮೌನ ಹಿಡೀತೀನಿ. ಬಾಯಿ ಇದ್ದೂ ಇಲ್ಲದಾಂಗ ಕುಂತೆ. ಅದಕ್ಕ ಒಬ್ಬ ಸತ್ತ. ಇನ್ನ ಈ ಬಾಯಿ ನನಗ ಬ್ಯಾಡ."

ಮಾತು ಶುರುಮಾಡಿದಾಗ ಅಜ್ಜಾರ ದನಿ ಎಂದಿನದಾಗಿರಲಿಲ್ಲ.

"ಶನಿವಾರ ಸಂಜಿಮುಂದ ನಾ ಹೊಲಕ್ಕ ಬಂದಿದ್ದೆ. ತಗ್ಗು ಹೆಗಲಮಟ ಇಳದಿತ್ತು. ಗುಡ್ಡಿ ಅಂಚಿಗೆ ಬಂದಿತ್ತು. ಎಲ್ಲಾ ಕಂಡೆ. ಅಂವ ದಣಿದಿದ್ದ, ಹೊತ್ತು ಮುಳುಗಿತ್ತು. ಮುಂಜಾನಿ ಹೇಳಿದ್ರಾತು ಅಂತ ಹೋಗಿ ಮಲಗಿದೆ. ಮುಂಜಾನಿ ಪೂಜಿಗೆ ಕುಂತೆ, ಮರತೆ."

ಕಲ್ಲಿನಾಥ ತಿರುಗಿ ನೋಡಿದ. ಅಜ್ಜಾರು ನೀರನ್ನೇ ನೋಡುತ್ತಿದ್ದರು.

"ಬಾಗಿಲಾ ಶನಿವಾರನೂ ಮಠದಾಗ ಇದ್ದವು, ತಮ್ಮಾ."

ದೋಣಿಯೊಂದು ಹೋಯಿತು. ಅದರ ಅಲೆ ಬಂದು ಕಲ್ಲಿಗೆ ತಾಗಿ ಸುಮ್ಮನಾಯಿತು.

"ಹಂಗಾದ್ರ ನಾವು ಏನ್ ಮಾಡೂನ್ರಿ?" ಎಂದು ಕಲ್ಲಿನಾಥ ಕೇಳಿದ. "ನಿಮಗರ ಮಾತಾಡಾಕ ಬರತೈತಿ. ಮಂದಿ ಮುಂದ ನನಗ ಮಾತು ಹೊಂಡವಲ್ದು."

ಅಜ್ಜಾರು ಹೊಲದ ಕಡೆ ಕೈ ತೋರಿಸಿದರು. ಬದುವಿನ ಮೇಲೆ ತಗಡಿನ ಗುಡಿಸಲು. ಅದರ ಮುಂದೆ ಕಟ್ಟಿಟ್ಟ ಒಂದು ಗಂಟು. ಗಂಟಿನ ಪಕ್ಕ ತಿಪ್ಪವ್ವ, ಒಲೆ ಹಚ್ಚದೆ ಕೂತಿದ್ದಳು.

"ಆಕಿ ನಾಳೆ ತಂಗಿ ಊರಿಗೆ ಹೊಂಡತಾಳ. ಇಷ್ಟು ದಿನದಾಗ ನನ್ನ ಜೋಡಿ ಒಂದು ಮಾತಾಡಿದ್ದಿಲ್ಲ. ಇವತ್ತು ಬಂದು ಒಂದ ಕೇಳಿದಳು. ನಾ ಗೊತ್ತಿಲ್ಲ ಅಂದೆ."

"ಏನ್ ಕೇಳಿದ್ಳ್ರಿ?"

"ಬೇವಿನ ಗಿಡದ ತನಕ ಅವನ ದನಿ ಬರಲಿಲ್ಲ. ಆಕಿಗೆ ಕಂಡಿದ್ದು ನಿನ್ನ ಬೆನ್ನು ಅಷ್ಟ. ಅಳಾಕತ್ತಾಂವ ನಡುವ ಒಮ್ಮೆ ನೀ ನಕ್ಕಿ. ತನ್ನ ಗಂಡ ಏನಂದಾ ಅಂತ ನಕ್ಕಿ, ಅದನ್ನ ಕೇಳಾಕತ್ತಾಳ. ಹೋಗಿ ಹೇಳು."